ದುಪ್ಪಟ್ಟು ಮಾಡಿದರೆ ಸೊನ್ನೆ

ಕಿರಾಣಿ ಅಂಗಡಿಯ ಗಲ್ಲಾದ ಪಕ್ಕ ಬಿದ್ದಿರುವ ಎಂಟು ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಎಂಟೂ ಮನೆ ತುಂಬುವಂತೆ 9 ಒತ್ತಿ. ಅದಕ್ಕೆ 1 ಕೂಡಿಸಿ. ಪರದೆಯ ಮೂಲೆಯಲ್ಲಿ ಎರರ್ ಗುರುತು ಮೂಡುತ್ತದೆ. ಕ್ಲಿಯರ್ ಗುಂಡಿ ಒತ್ತುವ ತನಕ ಅದು ಮುಂದಿನ ಲೆಕ್ಕಕ್ಕೆ ಬರುವುದಿಲ್ಲ. ಒಂಬತ್ತನೇ ಅಂಕಿಗೆ ತನ್ನಲ್ಲಿ ಜಾಗವಿಲ್ಲ ಎಂದು ಒಪ್ಪಿಕೊಂಡು ಸುಮ್ಮನಾಗುವಷ್ಟು ಬುದ್ಧಿ ನೂರಿನ್ನೂರು ರೂಪಾಯಿಯ ಆ ಯಂತ್ರಕ್ಕಿದೆ.

2018ರ ಏಪ್ರಿಲ್ 22ರಂದು ಇಥೀರಿಯಂ ಬ್ಲಾಕ್‌ಚೈನ್ ಮೇಲೆ ಒಂದು ವರ್ಗಾವಣೆ ನಡೆಯಿತು. ಬ್ಯೂಟಿಚೈನ್ ಎಂಬ ಯೋಜನೆಯವರು ಬಿಇಸಿ ಹೆಸರಿನ ಟೋಕನ್ ಹೊರತಂದಿದ್ದರು. ಲೋಕದಲ್ಲಿ ಇರಬೇಕಾದದ್ದು ಒಟ್ಟು 700 ಕೋಟಿ ಬಿಇಸಿ. ಅವತ್ತು ಯಾರೋ ಒಂದೇ ಏಟಿಗೆ ಎರಡು ವಿಳಾಸಗಳಿಗೆ ಬಿಇಸಿ ಕಳಿಸಿದರು. ತಲಾ ಎಷ್ಟು? ಟೋಕನ್ನಿನ ಅತಿ ಚಿಕ್ಕ ಅಂಶದಲ್ಲಿ ಎಣಿಸಿದರೆ 57896044618658097711 ಎಂದು ಶುರುವಾಗಿ 77 ಅಂಕಿಗಳವರೆಗೆ ಸಾಗುವ ಸಂಖ್ಯೆ. ಇಷ್ಟು ಕಳಿಸಿದವರ ಖಾತೆಯಿಂದ ಕಡಿತವಾದದ್ದು ಮಾತ್ರ ಸೊನ್ನೆ.

ಸುದ್ದಿ ಹಬ್ಬಿ ಬಿಇಸಿ ಬೆಲೆ ನೆಲಕಚ್ಚಿತು. ಓಕೆಇಎಕ್ಸ್ ವಿನಿಮಯ ಕೇಂದ್ರ ಅದರ ವಹಿವಾಟನ್ನೇ ನಿಲ್ಲಿಸಿತು. ಯಾರ ಪಾಸ್‌ವರ್ಡೂ ಕಳುವಾಗಿರಲಿಲ್ಲ, ಯಾವ ಬೀಗವೂ ಮುರಿದಿರಲಿಲ್ಲ. ಒಂದು ಗುಣಾಕಾರ ನಡೆದಿತ್ತು, ಅಷ್ಟೆ. ಅಂಗಡಿಯ ಕ್ಯಾಲ್ಕುಲೇಟರ್ ಕೈಚೆಲ್ಲಿ ಕೂರುವಂಥ ಲೆಕ್ಕವನ್ನು ಕೋಟಿಗಟ್ಟಲೆ ಹಣ ಕಾಯುವ ಪ್ರೋಗ್ರಾಂ ಯಾಕೆ ಮರುಮಾತಿಲ್ಲದೆ ಮಾಡಿ ಮುಗಿಸಿತು?

ಸುತ್ತು ಹೊಡೆಯುವ ಮೀಟರು

ಹಳೇ ಮನೆಗಳ ಗೋಡೆಯಲ್ಲಿ ಇನ್ನೂ ಅಲ್ಲಲ್ಲಿ ಅಂಕಿಚಕ್ರದ ಕರೆಂಟ್ ಮೀಟರು ಕಾಣುತ್ತದೆ. ನಾಲ್ಕು ಅಂಕಿಯದು ಅಂದುಕೊಳ್ಳಿ. 9999 ಆದಮೇಲೆ ಇನ್ನೊಂದು ಯೂನಿಟ್ ಉರಿದರೆ ಅದು 10000 ತೋರಿಸಲಾರದು. ನಾಲ್ಕೂ ಚಕ್ರ ಉರುಳಿ 0000 ಆಗುತ್ತದೆ. ಮೀಟರಿಗೆ ಇದರಲ್ಲಿ ಅಸಹಜವಾದದ್ದೇನೂ ಇಲ್ಲ. ಕಳೆದ ತಿಂಗಳ ರೀಡಿಂಗ್ 9950, ಈ ತಿಂಗಳದ್ದು 30 ಎಂದು ಕಂಡರೆ ಬಿಲ್ ಬರೆಯುವವನು 'ಓಹೋ, ಒಂದು ಸುತ್ತು ಹೊಡೆದಿದೆ' ಎಂದು ಅರ್ಥಮಾಡಿಕೊಂಡು 80 ಯೂನಿಟ್ ಹಾಕುತ್ತಾನೆ. ವಿವೇಕ ಇರುವುದು ಅವನಲ್ಲಿ, ಮೀಟರಿನಲ್ಲಲ್ಲ.

ಕಂಪ್ಯೂಟರಿನೊಳಗಿನ ಸಂಖ್ಯೆಗಳೂ ಇಂಥ ಮೀಟರುಗಳೇ. ಅಲ್ಲಿನ ಚಕ್ರಗಳಿಗೆ ಬಿಟ್ ಎಂದು ಹೆಸರು, ಒಂದೊಂದರ ಮೇಲೂ ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತು. ಎಂಟು ಬಿಟ್ ಇದ್ದರೆ 0ಯಿಂದ 255ರವರೆಗೆ ಎಣಿಸಬಹುದು. 255ಕ್ಕೆ 1 ಕೂಡಿಸಿದರೆ 0. 200ಕ್ಕೆ 100 ಕೂಡಿಸಿದರೆ 44. 128ನ್ನು ದುಪ್ಪಟ್ಟು ಮಾಡಿದರೆ ಮತ್ತೆ ಸೊನ್ನೆ. ಎಂಟು ಬಿಟ್‌ನ ಪ್ರಪಂಚದಲ್ಲಿ ಇವೆಲ್ಲ ಸರಿ ಉತ್ತರಗಳು. ಕೊನೆಯ ಮನೆಯಿಂದಾಚೆ ಹೋಗಬೇಕಾದ ದಶಕಕ್ಕೆ ಮನೆಯೇ ಇಲ್ಲದ ಕಾರಣ ಅದು ಬಿದ್ದುಹೋಗುತ್ತದೆ.

ಹಿಮ್ಮುಖವಾಗಿಯೂ ಹೀಗೇ. 0ಯಿಂದ 1 ಕಳೆದರೆ ಮೀಟರು ಹಿಂದಕ್ಕೆ ಉರುಳಿ 255ಕ್ಕೆ ನಿಲ್ಲುತ್ತದೆ. ಕೈಯಲ್ಲಿ ಏನೂ ಇಲ್ಲದವನು ಒಂದು ರೂಪಾಯಿ ಖರ್ಚು ಮಾಡಿದ್ದಕ್ಕೆ ಊರಿಗೇ ಸಾಹುಕಾರನಾದ ಹಾಗೆ. ಮುಂದಕ್ಕೆ ಉರುಳುವುದನ್ನು ಎಂಜಿನಿಯರುಗಳು ಓವರ್‌ಫ್ಲೋ ಎನ್ನುತ್ತಾರೆ, ಹಿಂದಕ್ಕೆ ಉರುಳುವುದನ್ನು ಅಂಡರ್‌ಫ್ಲೋ. ಎರಡಕ್ಕೂ ಸೇರಿಸಿ ಸುತ್ತುಹೊಡೆತ ಎಂದರೆ ನಮಗೆ ಸಾಕು.

ಇಥೀರಿಯಂನ ಮೀಟರಿಗೆ 256 ಬಿಟ್. ಅದು ಎಣಿಸಬಲ್ಲ ಅತಿ ದೊಡ್ಡ ಸಂಖ್ಯೆಗೆ 78 ಅಂಕಿ. ಇಷ್ಟು ದೊಡ್ಡ ಮೀಟರು ಯಾವ ಕಾಲಕ್ಕೂ ತುಂಬದು ಎಂಬ ಧೈರ್ಯ ಪ್ರೋಗ್ರಾಂ ಬರೆಯುವವರಿಗೆ ಸಹಜವಾಗಿ ಬರುತ್ತದೆ. ದಿನನಿತ್ಯದ ವಹಿವಾಟಿಗೆ ಅದು ನಿಜವೂ ಹೌದು. ಆದರೆ ಕಳಿಸುವ ಮೊತ್ತವನ್ನು ಟೈಪ್ ಮಾಡುವವರು ಬಳಕೆದಾರರು. ಅವರು ಏನು ಬೇಕಾದರೂ ಟೈಪ್ ಮಾಡಬಹುದು.

ಆ ಒಂದು ಸಾಲು

ಸ್ಮಾರ್ಟ್ ಕಾಂಟ್ರಾಕ್ಟ್ ಅಂದರೆ ವ್ಯವಹಾರದ ಷರತ್ತುಗಳನ್ನೇ ಪ್ರೋಗ್ರಾಂ ಆಗಿ ಬರೆದು ಬ್ಲಾಕ್‌ಚೈನ್ ಮೇಲೆ ಇಟ್ಟದ್ದು. ಸ್ವಯಂಕರಾರು ಎನ್ನೋಣ. ಒಮ್ಮೆ ಇಟ್ಟಮೇಲೆ ಅದರ ಅಕ್ಷರ ತಿದ್ದಲು ಸಾಮಾನ್ಯವಾಗಿ ಬರೆದವರಿಗೂ ಆಗುವುದಿಲ್ಲ. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ, ಕಳ್ಳನ ಕಣ್ಣಿಗೂ. ತಿದ್ದಲಾಗದಿರುವುದನ್ನು ಈ ತಂತ್ರಜ್ಞಾನದ ದೊಡ್ಡ ಗುಣವೆಂದು ಜಾಹೀರಾತು ಮಾಡುತ್ತಾರೆ. ಗುಣಾಕಾರ ತಪ್ಪಿದ ದಿನ ಅದೇ ಕುತ್ತಿಗೆಗೆ ಬರುತ್ತದೆ.

ಬಿಇಸಿ ಕರಾರಿನಲ್ಲಿ ಹಲವರಿಗೆ ಒಟ್ಟಿಗೆ ಟೋಕನ್ ಹಂಚುವ ಭಾಗವೊಂದಿತ್ತು. ಅದು ನಡೆಯುತ್ತಿದ್ದ ಕ್ರಮ ಹೀಗೆ: ಪಡೆಯುವವರು ಎಷ್ಟು ಜನ ಎಂದು ಎಣಿಸುವುದು, ಆ ಸಂಖ್ಯೆಯನ್ನು ತಲಾ ಮೊತ್ತದಿಂದ ಗುಣಿಸಿ ಒಟ್ಟು ಮೊತ್ತ ತೆಗೆಯುವುದು, ಜನ ಇಪ್ಪತ್ತಕ್ಕಿಂತ ಹೆಚ್ಚಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು, ಕಳಿಸುವವರ ಖಾತೆಯಲ್ಲಿ ಒಟ್ಟು ಮೊತ್ತದಷ್ಟು ಇದೆಯೇ ಎಂದು ನೋಡುವುದು, ಇದ್ದರೆ ಕಳೆಯುವುದು, ಆಮೇಲೆ ಒಬ್ಬೊಬ್ಬರಿಗೂ ತಲಾ ಮೊತ್ತ ಕೂಡಿಸುವುದು.

ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಖಾತೆಯಲ್ಲಿ ಹಣ ಇದೆಯೇ ಎಂಬ ತಪಾಸಣೆ ಇದೆ. ಕಳೆಯುವ ಸಾಲು, ಕೂಡಿಸುವ ಸಾಲು ಎರಡೂ ಸುತ್ತುಹೊಡೆತ ಹಿಡಿಯುವ ಸುರಕ್ಷಿತ ವಿಧಾನವನ್ನೇ ಬಳಸುತ್ತವೆ. ಗುಣಿಸುವ ಸಾಲಿನಲ್ಲಿ ಮಾತ್ರ ಬರೀ ನಕ್ಷತ್ರ ಚಿಹ್ನೆ. ಪ್ರೋಗ್ರಾಂ ಭಾಷೆಯ ಗುಣಾಕಾರ ಚಿಹ್ನೆ ಅದೇ.

ಪಡೆಯುವವರು ಇಬ್ಬರು. ತಲಾ ಮೊತ್ತ ಮೀಟರಿನ ಸರಿಯಾದ ಅರ್ಧ, ಅಂದರೆ ನಮ್ಮ ಎಂಟು ಬಿಟ್‌ನ ಲೋಕದ 128. ದುಪ್ಪಟ್ಟು ಮಾಡಿದೊಡನೆ ಒಟ್ಟು ಮೊತ್ತ ಸೊನ್ನೆಯಾಯಿತು. 'ಖಾತೆಯಲ್ಲಿ ಸೊನ್ನೆಯಷ್ಟು ಇದೆಯೇ?' ಎಂದು ತಪಾಸಣೆ ಕೇಳಿತು. ಬಿಡಿಗಾಸಿಲ್ಲದವನ ಖಾತೆಯಲ್ಲೂ ಅಷ್ಟಿರುತ್ತದೆ. ಸುರಕ್ಷಿತ ವ್ಯವಕಲನ ಸೊನ್ನೆಯನ್ನು ಸುರಕ್ಷಿತವಾಗಿ ಕಳೆಯಿತು. ಸುರಕ್ಷಿತ ಸಂಕಲನ 77 ಅಂಕಿಯ ಮೊತ್ತವನ್ನು ಇಬ್ಬರಿಗೂ ಸುರಕ್ಷಿತವಾಗಿ ಕೂಡಿಸಿತು. ಕಾವಲಿನವನು ತನ್ನ ಕೆಲಸ ನಿಯತ್ತಾಗಿಯೇ ಮಾಡಿದ್ದ. ಅವನ ಕೈಗೆ ಬಂದ ಚೀಟಿಯಲ್ಲೇ ಅಂಕಿ ಬದಲಾಗಿತ್ತು. ಈ ಅಧ್ಯಾಯದಲ್ಲಿ ಮುಂದೆ ಬರುವ ಹೆಚ್ಚಿನ ಅನಾಹುತಗಳಲ್ಲೂ ಇದೇ ವಿನ್ಯಾಸ ಕಾಣುತ್ತದೆ: ತಪಾಸಣೆ ಇರುತ್ತದೆ, ಆದರೆ ಅದೂ ಒಂದು ಲೆಕ್ಕ.

ಬಿಟ್‌ಕಾಯಿನ್ ಮೊದಲೇ ಎಡವಿತ್ತು

ಬ್ಲಾಕ್‌ಚೈನ್‌ಗಳ ಹಿರಿಯಣ್ಣ ಬಿಟ್‌ಕಾಯಿನ್ ಎಂಟು ವರ್ಷ ಮೊದಲೇ ಇದೇ ಹೊಂಡಕ್ಕೆ ಬಿದ್ದಿತ್ತು ಎಂಬುದನ್ನು ಬಿಇಸಿ ಬರೆದವರು ನೆನಪಿಟ್ಟಿದ್ದರೆ ಚೆನ್ನಾಗಿತ್ತು. 2010ರ ಆಗಸ್ಟ್ 15ರಂದು 74638ನೇ ಬ್ಲಾಕಿನಲ್ಲಿ ಎರಡು ವಿಳಾಸಗಳಿಗೆ ತಲಾ 9,223 ಕೋಟಿಗೂ ಹೆಚ್ಚು ಬಿಟ್‌ಕಾಯಿನ್ ಹೋದವು. ಬಿಟ್‌ಕಾಯಿನ್‌ಗಳ ಒಟ್ಟು ಮಿತಿಯೇ 2.1 ಕೋಟಿ! ಅಲ್ಲಿ ಬಳಸಿದ್ದು 64 ಬಿಟ್‌ನ, ಋಣ ಸಂಖ್ಯೆಗಳಿಗೂ ಜಾಗ ಕೊಡುವ ಮೀಟರು. ಎರಡು ಮೊತ್ತ ಕೂಡಿದಾಗ ಅದು ಸುತ್ತು ಹೊಡೆದು ಸೊನ್ನೆಗಿಂತ ಸ್ವಲ್ಪ ಕೆಳಗಿನ ಋಣ ಸಂಖ್ಯೆಗೆ ಬಂದು ನಿಂತಿತು. ಹೋಗುವ ಹಣ ಬರುವ ಹಣಕ್ಕಿಂತ ಹೆಚ್ಚಿರಬಾರದು ಎಂಬ ನಿಯಮಕ್ಕೆ ಅದರಿಂದ ಯಾವ ತೊಂದರೆಯೂ ಕಾಣಲಿಲ್ಲ.

ಆಗ ಬಿಟ್‌ಕಾಯಿನ್ ಇನ್ನೂ ಕೆಲವೇ ಆಸಕ್ತರ ಹವ್ಯಾಸ. ಕೆಲವು ಗಂಟೆಗಳಲ್ಲಿ ತಿದ್ದುಪಡಿ ಬಂತು. ಜನ ಹೊಸ ಆವೃತ್ತಿ ಹಾಕಿಕೊಂಡರು. ಆ ಬ್ಲಾಕಿಲ್ಲದ ಸರಪಳಿ ಬೆಳೆದು ಹಳೆಯದನ್ನು ಹಿಂದಿಕ್ಕಿತು. ಇವತ್ತು ಅಷ್ಟು ಜನರನ್ನು ಅಷ್ಟು ಬೇಗ ಒಪ್ಪಿಸುವುದು ಆಗದ ಮಾತು.

ತಾಳೆ ನೋಡುವ ಸಾಲುಗಳು

ಪರಿಹಾರ ನಮ್ಮ ಪ್ರಾಥಮಿಕ ಶಾಲೆಯ ಮೇಷ್ಟ್ರು ಹೇಳಿಕೊಟ್ಟದ್ದೇ. ಗುಣಿಸಿದ ಮೇಲೆ ಬಂದ ಉತ್ತರವನ್ನು ಒಂದು ಸಂಖ್ಯೆಯಿಂದ ಭಾಗಿಸು. ಇನ್ನೊಂದು ಸಂಖ್ಯೆ ವಾಪಸ್ ಬರಬೇಕು. ಎಂಟು ಬಿಟ್‌ನಲ್ಲಿ 2ನ್ನು 128ರಿಂದ ಗುಣಿಸಿದರೆ 0, 0ಯನ್ನು 2ರಿಂದ ಭಾಗಿಸಿದರೆ 0, ಬರಬೇಕಾದದ್ದು 128. ತಾಳೆ ಬೀಳಲಿಲ್ಲ, ವಹಿವಾಟು ರದ್ದು. ಕೂಡಿಸಿದಾಗ ಮೊತ್ತ ಕೂಡಿಸಿದ ಸಂಖ್ಯೆಗಿಂತ ಚಿಕ್ಕದಾಗಿದ್ದರೆ ಸುತ್ತು ಹೊಡೆದಿದೆ ಎಂದೇ ಅರ್ಥ. ಕಳೆಯುವ ಮೊದಲು ಕಳೆಯಬೇಕಾದದ್ದು ದೊಡ್ಡದೇ ಎಂದು ನೋಡಿದರಾಯಿತು. ಓಪನ್‌ಜೆಪ್ಪೆಲಿನ್ ಸಂಸ್ಥೆಯ ಸೇಫ್‌ಮ್ಯಾತ್ ಎಂಬ ಚಿಕ್ಕ ಲೈಬ್ರರಿ ಮಾಡುತ್ತಿದ್ದದ್ದು ಇಷ್ಟೇ. ಬಿಇಸಿ ಬಳಸಿದ್ದ ಸುರಕ್ಷಿತ ವಿಧಾನವೂ ಇದೇ. ಅದರ ಗುಣಾಕಾರವೂ ಕೈಗೆಟಕುವಲ್ಲೇ ಇತ್ತು. ಆ ಒಂದು ಸಾಲಿನಲ್ಲಿ ಕೈ ಹಳೇ ಅಭ್ಯಾಸದಂತೆ ನಕ್ಷತ್ರ ಒತ್ತಿತು.

ನೆನಪಿಟ್ಟು ಬಳಸಬೇಕಾದ ರಕ್ಷಣೆ ಮರೆತುಹೋಗುತ್ತದೆ. ಇಥೀರಿಯಂ ಕರಾರುಗಳನ್ನು ಬರೆಯುವ ಸಾಲಿಡಿಟಿ ಭಾಷೆಯವರು ಇದನ್ನು ಒಪ್ಪಿಕೊಂಡು 2020ರ ಡಿಸೆಂಬರಿನಲ್ಲಿ ಬಂದ 0.8.0 ಆವೃತ್ತಿಯಿಂದ ತಾಳೆ ನೋಡುವುದನ್ನು ಭಾಷೆಯೊಳಗೇ ಸೇರಿಸಿದರು. ಈಗ ಬರೀ ನಕ್ಷತ್ರ ಬರೆದರೂ ಮೀಟರು ಸುತ್ತು ಹೊಡೆದರೆ ವಹಿವಾಟೇ ಬಿದ್ದುಹೋಗಿ ಎಲ್ಲವೂ ಮೊದಲಿನಂತಾಗುತ್ತದೆ. ಅಂಗಡಿಯ ಕ್ಯಾಲ್ಕುಲೇಟರಿಗಿದ್ದ ಬುದ್ಧಿ ಕೊನೆಗೂ ಬಂತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಸುತ್ತುಹೊಡೆತ ಹಿಡಿಯುವ ಯಂತ್ರಕ್ಕೆ ನೀವು ಯಾವ ಲೆಕ್ಕ ಮಾಡಲು ಹೊರಟಿದ್ದಿರಿ ಎಂಬುದು ಗೊತ್ತಿಲ್ಲ. ತಪ್ಪು ಚಿಹ್ನೆ ಬರೆದರೆ ಅದು ತಪ್ಪು ಲೆಕ್ಕವನ್ನೇ ಚಾಚೂ ತಪ್ಪದೆ ಮಾಡಿಕೊಡುತ್ತದೆ.

ಚಿಹ್ನೆಗಳು ಅದಲುಬದಲಾದರೆ

ಖಾತೆಗೆ ಹತ್ತು ಕೂಡಿಸು ಎನ್ನಲು ಪ್ರೋಗ್ರಾಮಿನಲ್ಲಿ += ಎಂಬ ಜೋಡಿಚಿಹ್ನೆ ಬಳಸುತ್ತಾರೆ. ಮೊದಲು ಕೂಡು, ಆಮೇಲೆ ಸಮ. ಅವಸರದಲ್ಲಿ ಇದು =+ ಆಗಿಬಿಟ್ಟರೆ? 'ಖಾತೆಯಲ್ಲಿ ಏನಿದ್ದರೂ ಅಳಿಸಿ, ಧನ ಹತ್ತು ಎಂದು ಬರೆ' ಎಂದಾಗುತ್ತದೆ. ಹತ್ತರ ಮುಂದಿನ ಕೂಡು ಚಿಹ್ನೆ ಬರೀ ಅಲಂಕಾರ. ಈಥರ್ ಕ್ಯಾಂಪ್ ಎಂಬ ತಂಡ ಹೊರತಂದಿದ್ದ ಹ್ಯಾಕರ್‌ಗೋಲ್ಡ್ ಟೋಕನ್ನಿನಲ್ಲಿ ಇಂಥದೇ ಅದಲುಬದಲು 2017ರ ಜನವರಿಯಲ್ಲಿ ಬೆಳಕಿಗೆ ಬಂತು. ತಿದ್ದಲು ಬರುವುದಿಲ್ಲವಲ್ಲ, ಟೋಕನ್ನನ್ನೇ ಹೊಸದಾಗಿ ಹೊರಡಿಸಬೇಕಾಯಿತು.

ಈ ತಪ್ಪು ಪರೀಕ್ಷೆಯಿಂದ ಹೇಗೆ ತಪ್ಪಿಸಿಕೊಳ್ಳುತ್ತದೆ ಎಂದು ಹತ್ತಿರದಿಂದ ನೋಡಬೇಕು. ಹೊಸ ಖಾತೆಯೊಂದಕ್ಕೆ ಹತ್ತು ಟೋಕನ್ ಕಳಿಸಿ. ಅಲ್ಲಿದ್ದದ್ದು ಸೊನ್ನೆ, ಈಗ ಹತ್ತು. ಉತ್ತರ ಸರಿ. ಪರೀಕ್ಷೆ ಬರೆಯುವ ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಅದೇ ಖಾತೆಗೆ ಇನ್ನೊಮ್ಮೆ ಐದು ಕಳಿಸಿದರೆ ಹದಿನೈದು ಬರಬೇಕಾದಲ್ಲಿ ಐದು ಬರುತ್ತದೆ. ಸೊನ್ನೆಯಿಂದ ಶುರುಮಾಡಿದರೆ 'ಕೂಡಿಸು' ಮತ್ತು 'ಬರೆ' ಎರಡೂ ಒಂದೇ ಥರ ಕಾಣುತ್ತವೆ.

2018ರ ನವೆಂಬರಿನ 0.5.0 ಆವೃತ್ತಿಯಲ್ಲಿ ಸಾಲಿಡಿಟಿ ಆ ಅಲಂಕಾರದ ಕೂಡು ಚಿಹ್ನೆಯನ್ನೇ ಭಾಷೆಯಿಂದ ಕಿತ್ತುಹಾಕಿತು; ಈಗ =+ ಬರೆದರೆ ಕಂಪೈಲರ್ ಒಪ್ಪುವುದಿಲ್ಲ. ಭಾಷೆ ಕಟ್ಟುವವರು ಮಾಡಬಹುದಾದ ಅತ್ಯುತ್ತಮ ಉಪಕಾರ ಇದು ಎಂದು ನನ್ನ ಅಭಿಪ್ರಾಯ: ಎಚ್ಚರಿಕೆ ಕೊಡುವ ಬದಲು, ಎಡವಲು ಕಲ್ಲೇ ಇಲ್ಲದಂತೆ ಮಾಡುವುದು. ಆದರೆ =- ಮಾತ್ರ ಪೂರ್ತಿ ಹೋಗಿಲ್ಲ. ಋಣ ಸಂಖ್ಯೆಗಳಿಗೆ ಕಳೆ ಚಿಹ್ನೆ ಬೇಕೇ ಬೇಕಲ್ಲ.

ಇನ್ನೊಂದು ಜೋಡಿ ಇದಕ್ಕಿಂತ ಕಳ್ಳತನದ್ದು. ಎಕ್ಸೆಲ್ ಹಾಳೆಯಲ್ಲಿ ಹತ್ತರ ಹದಿನೆಂಟನೇ ಘಾತ ಬೇಕಾದರೆ 10^18 ಎನ್ನುತ್ತೇವೆ. ಸಾಲಿಡಿಟಿಯಲ್ಲಿ ಘಾತಕ್ಕೆ ಎರಡು ನಕ್ಷತ್ರ ಹಾಕಬೇಕು. ಆ ಟೋಪಿ ಚಿಹ್ನೆಗೆ ಅಲ್ಲಿ ಬೇರೆಯೇ ಕೆಲಸ: ಎರಡು ಸಂಖ್ಯೆಗಳನ್ನು ಬಿಟ್‌ಗಳಾಗಿ ಬರೆದು, ಒಂದರ ಕೆಳಗೊಂದಿಟ್ಟು, ಎರಡೂ ಬೇರೆಯಾಗಿದ್ದ ಕಡೆ 1, ಒಂದೇ ಆಗಿದ್ದ ಕಡೆ 0 ಹಾಕುವುದು. 10 ಅಂದರೆ 01010, 18 ಅಂದರೆ 10010. ಹೋಲಿಸಿದರೆ 11000, ಅಂದರೆ 24. ಒಂದರ ಮುಂದೆ ಹದಿನೆಂಟು ಸೊನ್ನೆ ಇರಬೇಕಾದಲ್ಲಿ ಇಪ್ಪತ್ತನಾಲ್ಕು! ಟೋಕನ್‌ಗಳ ಲೋಕದಲ್ಲಿ ಹತ್ತರ ಹದಿನೆಂಟನೇ ಘಾತ ಹೆಜ್ಜೆಹೆಜ್ಜೆಗೂ ಬರುತ್ತದೆ, ಏಕೆಂದರೆ ಹೆಚ್ಚಿನ ಟೋಕನ್‌ಗಳನ್ನು ಅಷ್ಟು ಚೂರುಗಳಾಗಿ ಒಡೆದೇ ಎಣಿಸುವುದು. ಇಲ್ಲಿ ಮೀಟರೇನೂ ಸುತ್ತು ಹೊಡೆದಿಲ್ಲವಾದ್ದರಿಂದ 0.8.0ರ ರಕ್ಷಣೆಗೂ ಇದು ಸಿಕ್ಕುವುದಿಲ್ಲ.

ಸ್ಲಿದರ್ ಎಂಬ ತಪಾಸಣಾ ತಂತ್ರಾಂಶ ಇಂಥ ಟೋಪಿಗಳನ್ನು ಕಂಡೊಡನೆ ಕೂಗೆಬ್ಬಿಸುತ್ತದೆ. ತಮಾಷೆಯೆಂದರೆ ಓಪನ್‌ಜೆಪ್ಪೆಲಿನ್‌ನ ಗಣಿತ ಲೈಬ್ರರಿಯಲ್ಲೇ ಮೂರು ಪಟ್ಟು ಮಾಡಿದ ಒಂದು ಸಂಖ್ಯೆಯ ಪಕ್ಕ ^ 2 ಎಂಬ ಸಾಲೊಂದಿದೆ. ವರ್ಗ ಎಂದು ಬರೆಯಲು ಹೋಗಿ ಕೈತಪ್ಪಿದಂತೆ ಕಾಣುತ್ತದೆ, ಸ್ಲಿದರ್ ಕೂಡ ಅದನ್ನು ತಪ್ಪೆಂದೇ ತೋರಿಸುತ್ತದೆ. ಆದರೆ ಅಲ್ಲಿ ಬೇಕಾದದ್ದು ಬಿಟ್ ಹೋಲಿಕೆಯೇ. ಅದೊಂದು ಹಳೇ ಸಂಖ್ಯಾಸಿದ್ಧಾಂತದ ಯುಕ್ತಿ. ಯಂತ್ರದ ಕೂಗನ್ನೂ ಮನುಷ್ಯರು ಓದಿಯೇ ತೀರ್ಮಾನಿಸಬೇಕು.

ಚಿಲ್ಲರೆ ಎಲ್ಲಿ ಹೋಯಿತು

ಸಾಲಿಡಿಟಿಯ ಲೆಕ್ಕದಲ್ಲಿ ದಶಾಂಶವಿಲ್ಲ. 7ನ್ನು 2ರಿಂದ ಭಾಗಿಸಿದರೆ 3, ಅರ್ಧ ಕಸದಬುಟ್ಟಿಗೆ. 999 ರೂಪಾಯಿಗೆ ನೂರಕ್ಕೆ ಐದರಂತೆ ಬಡ್ಡಿ ಹಾಕಬೇಕು ಅನ್ನಿ. ಮೊದಲು ನೂರರಿಂದ ಭಾಗಿಸಿದರೆ 9, ಐದರಿಂದ ಗುಣಿಸಿದರೆ 45. ಮೊದಲು ಐದರಿಂದ ಗುಣಿಸಿದರೆ 4995, ನೂರರಿಂದ ಭಾಗಿಸಿದರೆ 49. ಕಾಗದದ ಮೇಲೆ ಒಂದೇ ಆದ ಲೆಕ್ಕ ಇಲ್ಲಿ ಎರಡಾಗುತ್ತದೆ. ಆದ್ದರಿಂದ ಮೊದಲು ಗುಣಿಸು, ಕೊನೆಗೆ ಭಾಗಿಸು ಎನ್ನುವುದು ಈ ಕಸುಬಿನವರ ಬಾಯಿಪಾಠ. ಅದರಲ್ಲೂ ಒಂದು ಸಿಕ್ಕಿದೆ. ಮೊದಲೇ ಗುಣಿಸಿದರೆ ನಡುವಿನ ಮೊತ್ತ ಮೀಟರನ್ನು ಮೀರಬಹುದು, ಅಂತಿಮ ಉತ್ತರ ಚಿಕ್ಕದಾಗಿದ್ದರೂ. ಮೇಲೆ ಹೇಳಿದ ಟೋಪಿ ಚಿಹ್ನೆಯ ಸಾಲು ಇರುವುದು ಈ ಸಿಕ್ಕನ್ನು ಬಿಡಿಸುವ ಭಾಗದಲ್ಲಿಯೇ: ಅದು ನಡುವಿನ ಗುಣಲಬ್ಧಕ್ಕೆ ಎರಡು ಮೀಟರುಗಳನ್ನು ಜೋಡಿಸಿ 512 ಬಿಟ್ ಜಾಗ ಕೊಟ್ಟು ಆಮೇಲೆ ಭಾಗಿಸುತ್ತದೆ.

ದಶಾಂಶವಿಲ್ಲದ ಕಾರಣ 1.25 ಎಂಬುದನ್ನು ಬರೆಯಲು ಅದನ್ನು ಹತ್ತರ ಹದಿನೆಂಟನೇ ಘಾತದಿಂದ ಹಿಗ್ಗಿಸಿ ಇಡುತ್ತಾರೆ. ಇಂಥ ಹಿಗ್ಗಿದ ಎರಡು ಸಂಖ್ಯೆಗಳನ್ನು ಗುಣಿಸಿದರೆ ಉತ್ತರ ಎರಡು ಸಲ ಹಿಗ್ಗಿರುತ್ತದೆ. ಒಂದು ಸಲ ಭಾಗಿಸಿ ಕುಗ್ಗಿಸಬೇಕು. 2020ರ ಆಗಸ್ಟಿನಲ್ಲಿ ಯಾಮ್ ಎಂಬ ಯೋಜನೆಯ ಕರಾರಿನಲ್ಲಿ ಒಂದು ಕಡೆ ಈ ಕುಗ್ಗಿಸುವ ಭಾಗಾಕಾರ ಬಿಟ್ಟುಹೋಗಿತ್ತು. ಟೋಕನ್‌ಗಳ ಒಟ್ಟು ಸಂಖ್ಯೆಯನ್ನು ಸರಿಹೊಂದಿಸುವ ಸಾಲು ಅದು. ಒಟ್ಟು ಸಂಖ್ಯೆ ಆಕಾಶಕ್ಕೇರಿತು. ತಪ್ಪು ತಿದ್ದಬೇಕಾದರೆ ಸದಸ್ಯರ ಮತದಾನ ಆಗಬೇಕು, ಮತದಾನಕ್ಕೆ ಒಟ್ಟು ಟೋಕನ್ನಿನ ಇಂತಿಷ್ಟು ಪಾಲು ಕೋರಂ ಬೇಕು. ಒಟ್ಟು ಅಷ್ಟು ಉಬ್ಬಿದ ಮೇಲೆ ಕೋರಂ ತುಂಬಲು ಭೂಮಿಯ ಮೇಲೆ ಯಾರಲ್ಲೂ ಅಷ್ಟು ಮತವಿರಲಿಲ್ಲ. ಖಜಾನೆಯಲ್ಲಿದ್ದ ಸುಮಾರು ಏಳೂವರೆ ಲಕ್ಷ ಡಾಲರ್ ಅಲ್ಲೇ ಸಿಕ್ಕಿಹಾಕಿಕೊಂಡಿತು. ಮಾಡಿದ ತಪ್ಪೇ ತನ್ನ ತಿದ್ದುಪಡಿಯ ಬಾಗಿಲಿಗೆ ಬೀಗ ಜಡಿದ ಇಂಥ ಇನ್ನೊಂದು ಪ್ರಕರಣ ನನಗೆ ಗೊತ್ತಿಲ್ಲ.

ಬಿದ್ದುಹೋಗುವ ಚಿಲ್ಲರೆ ಯಾರ ಪಾಲಾಗುತ್ತದೆ ಎಂಬುದೂ ಮುಖ್ಯ. ಅದು ಯಾವಾಗಲೂ ಕರಾರಿನ ಖಜಾನೆಗೆ ಉಳಿಯುವಂತೆ ನೋಡಿಕೊಳ್ಳಬೇಕು. ಗಿರಾಕಿಯ ಕಡೆಗೆ ವಾಲಿದರೆ ಅವನು ಅತಿ ಚಿಕ್ಕ ಮೊತ್ತಗಳಲ್ಲಿ ಮತ್ತೆ ಮತ್ತೆ ವಹಿವಾಟು ಮಾಡಿ ಹನಿಹನಿಯಾಗಿ ಹೀರುತ್ತಾನೆ. 2025ರ ನವೆಂಬರ್ 3ರಂದು ಬ್ಯಾಲೆನ್ಸರ್ ಎಂಬ ಹಳೆಯ, ಹೆಸರುಳ್ಳ ಯೋಜನೆಯಿಂದ 10 ಕೋಟಿ ಡಾಲರಿಗೂ ಹೆಚ್ಚು ಹೋದದ್ದು ಹೀಗೆ ಚಿಲ್ಲರೆ ಬಿಡುವ ದಿಕ್ಕು ತಪ್ಪಿದ್ದರಿಂದ.

ಗೆರೆ ಎಳೆದ ಜಾಗ

ಹೋಲಿಸುವ ಚಿಹ್ನೆಗಳೂ ಇದೇ ಕುಲದವು. 'ಹೆಚ್ಚು' ಮತ್ತು 'ಹೆಚ್ಚು ಅಥವಾ ಸಮ' ಎಂಬೆರಡರ ನಡುವೆ ಇರುವುದು ಒಂದು ಸಮ ಚಿಹ್ನೆ. 2021ರ ಸೆಪ್ಟೆಂಬರ್ ಕೊನೆಗೆ ಕಾಂಪೌಂಡ್ ಎಂಬ ಸಾಲದ ಯೋಜನೆಯಲ್ಲಿ ಅದು ಬಿಟ್ಟುಹೋಗಿ, ಗಡಿಯಂಚಿನಲ್ಲಿದ್ದ ಕೆಲವು ಬಳಕೆದಾರರಿಗೆ ಲಕ್ಷಗಟ್ಟಲೆ ಡಾಲರ್ ಬೆಲೆಯ ಟೋಕನ್ ಬಹುಮಾನ ಹೋಗತೊಡಗಿತು. ತಿದ್ದುಪಡಿಗೆ ಮತದಾನ ಮತ್ತು ಕಾಯುವ ಅವಧಿ ಸೇರಿ ಏಳು ದಿನ. ಎಲ್ಲರೂ ನೋಡುತ್ತ ನಿಂತರು. ಅದೇ ವರ್ಷದ ಏಪ್ರಿಲಿನಲ್ಲಿ ಯುರೇನಿಯಂ ಫೈನಾನ್ಸ್ ಎಂಬ ಯೋಜನೆ ಕಳೆದುಕೊಂಡ ಸುಮಾರು 5 ಕೋಟಿ ಡಾಲರಿನ ಕಥೆ ಒಂದು ಸೊನ್ನೆಯದು: ಎರಡು ಟೋಕನ್‌ಗಳ ದಾಸ್ತಾನಿನ ಗುಣಲಬ್ಧ ವಹಿವಾಟಿನ ನಂತರ ಇಳಿಯಬಾರದು ಎಂಬ ತಪಾಸಣೆಯ ಒಂದು ಬದಿಯಲ್ಲಿ 1000ವನ್ನು 10000 ಮಾಡಿದರು, ಇನ್ನೊಂದು ಬದಿ ಹಾಗೇ ಉಳಿಯಿತು. ಎರಡೆರಡು ಸಲ ಗುಣಿಸುವುದರಿಂದ ತಪಾಸಣೆ ನೂರು ಪಟ್ಟು ಸಡಿಲವಾಯಿತು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು 2025ರ ಮೇ 22ರ ಸೀಟಸ್ ಪ್ರಕರಣ. ಸೂಯಿ ಎಂಬ ಬ್ಲಾಕ್‌ಚೈನ್ ಮೇಲಿನ ವಿನಿಮಯ ಕೇಂದ್ರ ಅದು. ಅದರ ಭಾಷೆಯ ಹೆಸರು ಮೂವ್. ಮೂವ್ ಭಾಷೆಯಲ್ಲಿ ಕೂಡು, ಕಳೆ, ಗುಣಿಸುಗಳಿಗೆ ಹುಟ್ಟಿನಿಂದಲೇ ಸುತ್ತುಹೊಡೆತದ ತಡೆ ಇದೆ. ಒಂದು ಚಿಹ್ನೆಗೆ ಮಾತ್ರ ಇಲ್ಲ: ಬಿಟ್‌ಗಳನ್ನು ಸಾಲಾಗಿ ಎಡಕ್ಕೆ ಸರಿಸುವ ಚಿಹ್ನೆಗೆ. ದಶಮಾನದಲ್ಲಿ ಅಂಕಿಗಳನ್ನು ಎಡಕ್ಕೆ ಸರಿಸಿ ಕೊನೆಗೆ ಸೊನ್ನೆ ಹಾಕಿದರೆ ಹತ್ತರಿಂದ ಗುಣಿಸಿದಂತೆ. ಬಿಟ್‌ಗಳಲ್ಲಿ ಪ್ರತಿ ಸರಿತಕ್ಕೂ ಎರಡರ ಗುಣಾಕಾರ. ವೇಷ ಮರೆಸಿದ ಗುಣಾಕಾರ ಅನ್ನಿ. ಅಂಚಿನಾಚೆ ಸರಿದ ಬಿಟ್‌ಗಳು ಸದ್ದಿಲ್ಲದೆ ಬೀಳುತ್ತವೆ.

ಇದು ಬರೆದವರಿಗೆ ಗೊತ್ತಿತ್ತು. ಅದಕ್ಕೇ ಅವರು ಬಳಸಿದ್ದ ಲೈಬ್ರರಿಯಲ್ಲಿ ಸರಿಸುವ ಮುನ್ನ ತಪಾಸಣೆ ಮಾಡುವ ಪ್ರತ್ಯೇಕ ಭಾಗವೇ ಇತ್ತು. 256 ಬಿಟ್‌ನ ಸಂಖ್ಯೆಯನ್ನು 64 ಮನೆ ಸರಿಸಬೇಕಾದರೆ ಸಂಖ್ಯೆ 192 ಬಿಟ್ ದಾಟಿರಬಾರದು. ಗೆರೆಯನ್ನು ಅಲ್ಲಿಯೇ ಎಳೆಯಬೇಕಿತ್ತು. ಅವರು ಎಳೆದದ್ದು ಮೀಟರಿನ ತುತ್ತತುದಿಯ ಹತ್ತಿರ. ಎರಡು ಗೆರೆಗಳ ನಡುವಿನ ಸಂಖ್ಯೆಗಳೆಲ್ಲ ತಪಾಸಣೆ ದಾಟಿ ಹೋಗಿ, ತಲೆಯ ಬಿಟ್‌ಗಳನ್ನು ಕಳೆದುಕೊಂಡು ಚಿಕ್ಕ ಸಂಖ್ಯೆಯಾಗಿ ಹೊರಬರುತ್ತಿದ್ದವು. ದಾಳಿಕೋರ ಭಾರೀ ಬಂಡವಾಳ ಹೂಡುತ್ತೇನೆ ಎಂದ. ಅದಕ್ಕೆ ಎಷ್ಟು ಕೊಡಬೇಕೆಂದು ಕರಾರು ಲೆಕ್ಕ ಹಾಕಿತು. ಉತ್ತರ: ಟೋಕನ್ನಿನ ಒಂದೇ ಒಂದು ಚೂರು. ಅದನ್ನು ಕೊಟ್ಟು ಭಾರೀ ಬಂಡವಾಳದ ಹಕ್ಕು ಪಡೆದು ನಿಜವಾದ ಹಣವನ್ನು ಹಿಂತೆಗೆದುಕೊಂಡ. ಹೋದದ್ದು ಸುಮಾರು 22.3 ಕೋಟಿ ಡಾಲರ್. ಸೂಯಿ ನಡೆಸುವ ಕಂಪ್ಯೂಟರುಗಳ ಒಡೆಯರು ಒಟ್ಟಾಗಿ ಅದರಲ್ಲಿ ಸುಮಾರು 16.2 ಕೋಟಿಯನ್ನು ಅಲುಗದಂತೆ ತಡೆಹಿಡಿದರು.

ಬೇಕೆಂದೇ ಸುತ್ತು ಹೊಡೆಸುವವರು

ಹಾಗೆಂದು ಸುತ್ತುಹೊಡೆತ ಕಂಡಲ್ಲೆಲ್ಲ ತಡೆದರೆ ಅದೂ ಕೆಡುಕಾಗಬಹುದು. ಯೂನಿಸ್ವಾಪ್ ವಿನಿಮಯ ಕೇಂದ್ರದ ಎರಡನೇ ಆವೃತ್ತಿಯ ಕರಾರು ಬೆಲೆಯನ್ನು ಕಾಲದೊಂದಿಗೆ ಗುಣಿಸಿ ಒಂದೇ ಸಮನೆ ಕೂಡಿಸುತ್ತ ಹೋಗುತ್ತದೆ. ಸರಾಸರಿ ಬೆಲೆ ಬೇಕಾದವರು ಎರಡು ಹೊತ್ತಿನ ರೀಡಿಂಗ್ ತೆಗೆದುಕೊಂಡು ವ್ಯತ್ಯಾಸ ನೋಡುತ್ತಾರೆ. ಈ ಮೊತ್ತ ಎಂದಾದರೂ ತುಂಬಿ ಸುತ್ತು ಹೊಡೆದರೆ ಹೊಡೆಯಲಿ ಎಂದೇ ಅವರು ಬಿಟ್ಟಿದ್ದಾರೆ, ಕೋಡಿನ ಪಕ್ಕದಲ್ಲಿ ಹಾಗೆಂದು ಟಿಪ್ಪಣಿಯನ್ನೂ ಬರೆದಿದ್ದಾರೆ. ಕಳೆಯುವಾಗಲೂ ಸುತ್ತುಹೊಡೆತದ ಲೆಕ್ಕವೇ ನಡೆಯುವುದರಿಂದ ವ್ಯತ್ಯಾಸ ಸರಿಯಾಗಿಯೇ ಬರುತ್ತದೆ, 9950 ಮತ್ತು 30ರ ನಡುವೆ 80 ಬಂದ ಹಾಗೆ. ಆ ಕೋಡು ಸಾಲಿಡಿಟಿಯ ಹಳೇ ಆವೃತ್ತಿಯದು. ಅದನ್ನು ಯಥಾವತ್ತಾಗಿ 0.8.0ಕ್ಕೆ ತಂದರೆ ಮೀಟರು ತುಂಬಿದ ದಿನ ಹೊಸ ರಕ್ಷಣೆ ಅಡ್ಡ ಬಂದು ವಹಿವಾಟುಗಳೇ ನಿಂತುಹೋಗುತ್ತವೆ.

ಇಂಥ ಜಾಗಗಳಿಗಾಗಿ ಸಾಲಿಡಿಟಿ ಅನ್‌ಚೆಕ್ಡ್ ಎಂಬ ಆವರಣ ಕೊಟ್ಟಿದೆ; ಅದರೊಳಗೆ ಬರೆದ ಲೆಕ್ಕಕ್ಕೆ ತಾಳೆ ನೋಡುವುದಿಲ್ಲ. ಆದರೆ ಬಹಳ ಜನ ಅದನ್ನು ಬಳಸುವುದು ಬೇರೆ ಕಾರಣಕ್ಕೆ. ಇಥೀರಿಯಂ ಮೇಲೆ ಪ್ರತಿ ಲೆಕ್ಕಕ್ಕೂ ಗ್ಯಾಸ್ ಎಂಬ ಶುಲ್ಕವಿದೆ, ತಾಳೆ ನೋಡುವುದಕ್ಕೂ. ಆ ಪುಡಿಗಾಸು ಉಳಿಸಲು ಕಾವಲನ್ನು ಮನೆಗೆ ಕಳಿಸುವುದು ನಡೆದೇ ಇದೆ. ಲೂಪಿನ ಎಣಿಕೆಯನ್ನು ಒಂದೊಂದಾಗಿ ಏರಿಸುವಂಥ ನಿರಪಾಯದ ಕಡೆ 2023ರ 0.8.22 ಆವೃತ್ತಿಯಿಂದ ಕಂಪೈಲರೇ ತಾಳೆಯನ್ನು ಬಿಡುತ್ತದೆ, ಅದಕ್ಕಾಗಿ ಕೈಯಾರೆ ಆವರಣ ಹಾಕಬೇಕಾಗಿಲ್ಲ. ಉಳಿದ ಕಡೆ ಇಲ್ಲಿ ಮೀಟರು ಯಾಕೆ ತುಂಬುವುದೇ ಇಲ್ಲ ಎಂಬ ಕಾರಣ ಪಕ್ಕದಲ್ಲಿ ಬರೆದಿಲ್ಲದಿದ್ದರೆ, ಆ ಆವರಣವನ್ನು ಅನುಮಾನಿಸುವುದೇ ಲೇಸು.

ತನಗೆ ತಾನೇ ಕಳಿಸಿಕೊಂಡರೆ

ಪರೀಕ್ಷೆ ಬರೆಯುವಾಗ 10, 5, 100ರಂಥ ಸಭ್ಯ ಸಂಖ್ಯೆಗಳೇ ಮೊದಲು ಹೊಳೆಯುತ್ತವೆ. ತಪ್ಪುಗಳಿರುವುದು ಅಂಚಿನಲ್ಲಿ: ಸೊನ್ನೆ, ಒಂದು, ಮೀಟರಿನ ಅರ್ಧ, ತುದಿ, ತುದಿಗಿಂತ ಒಂದು ಕಡಿಮೆ. ಎಕಿಡ್ನಾ, ಫೌಂಡ್ರಿಯಂಥ ಸಾಧನಗಳು ಮನುಷ್ಯರಿಗೆ ತೋಚದ ಸಂಖ್ಯೆಗಳನ್ನು ತಾವೇ ಹುಟ್ಟಿಸಿ ಕರಾರಿನ ಮೇಲೆ ಎಸೆಯುತ್ತವೆ. ಪ್ರತಿ ಸಲವೂ ನಿಜವಾಗಿರಲೇಬೇಕಾದ ಒಂದು ಮಾತನ್ನು ಅವಕ್ಕೆ ನಾವು ಹೇಳಿಕೊಡಬೇಕು. ಟೋಕನ್‌ಗಳ ಮಟ್ಟಿಗೆ ಆ ಮಾತು ಸರಳ: ಎಲ್ಲರ ಖಾತೆ ಕೂಡಿದರೆ ಒಟ್ಟು ಟೋಕನ್ನಿನಷ್ಟೇ ಬರಬೇಕು. ಕರಾರಿನ ಸಾಲುಗಳನ್ನು ನೋಡಿ ಇದನ್ನು ಬರೆಯಬಾರದು, ಕರಾರು ಏನು ಮಾಡಬೇಕೆಂದು ಯೋಚಿಸಿ ಬರೆಯಬೇಕು. ಇಲ್ಲವಾದರೆ ಅದೇ ತಪ್ಪು ಎರಡೂ ಕಡೆ ಕೂರುತ್ತದೆ.

ಈ ಮಾತು ಎಂಥ ತಪ್ಪನ್ನು ಹಿಡಿಯುತ್ತದೆ ಎಂಬುದಕ್ಕೆ 2020ರ ಸೆಪ್ಟೆಂಬರಿನಲ್ಲಿ ಬಿಜೆಡ್ಎಕ್ಸ್ ಎಂಬ ಯೋಜನೆಯಲ್ಲಿ ನಡೆದ ಪ್ರಕರಣ ನೋಡಬೇಕು. ಹೊರಗಿನ ತಜ್ಞರಿಂದ ತಪಾಸಣೆಯಾದ ಕರಾರು ಅದು. ಚಿಹ್ನೆಗಳೆಲ್ಲ ಸರಿ, ಮೀಟರೂ ಎಲ್ಲೂ ಸುತ್ತು ಹೊಡೆಯುತ್ತಿರಲಿಲ್ಲ. ಟೋಕನ್ ವರ್ಗಾಯಿಸುವಾಗ ಅದು ಮೊದಲು ಕಳಿಸುವವರ ಮತ್ತು ಪಡೆಯುವವರ ಹಳೇ ಮೊತ್ತಗಳನ್ನು ಓದಿಟ್ಟುಕೊಳ್ಳುತ್ತಿತ್ತು. ಕಳಿಸುವವರದರಲ್ಲಿ ಕಳೆದು ಬರೆಯುತ್ತಿತ್ತು, ಪಡೆಯುವವರದಕ್ಕೆ ಕೂಡಿಸಿ ಬರೆಯುತ್ತಿತ್ತು. ಯಾರೋ ತಮ್ಮ ಖಾತೆಯಿಂದ ತಮ್ಮ ಖಾತೆಗೇ ಕಳಿಸಿಕೊಂಡರು. ನೂರು ಇದ್ದ ಖಾತೆ ಅನ್ನಿ: ಕಳೆದು ಸೊನ್ನೆ ಎಂದು ಬರೆಯಿತು, ಆಮೇಲೆ ಓದಿಟ್ಟುಕೊಂಡಿದ್ದ ಹಳೇ ನೂರಕ್ಕೆ ನೂರು ಕೂಡಿಸಿ ಅದೇ ಜಾಗದಲ್ಲಿ ಇನ್ನೂರು ಎಂದು ಬರೆಯಿತು. ಮತ್ತೆ ಕಳಿಸಿಕೊಂಡರೆ ನಾನೂರು. ಸುಮಾರು 80 ಲಕ್ಷ ಡಾಲರ್ ಹೀಗೆ ಹೊರಹೋಯಿತು. ಪಡೆಯುವವರ ಮೊತ್ತವನ್ನು ಕಳೆದು ಬರೆದ ನಂತರ ಓದಿದ್ದರೆ ಆಗುತ್ತಿತ್ತು. ಒಂದು ಸಾಲನ್ನು ಕೆಳಗಿಳಿಸುವಷ್ಟು ಕೆಲಸ.